ಸುಬೇದಾರರು ಜಗಲಿ ಇಳಿದ ದಿನ

ಮಿಲಿಟರಿಯವರ ಮಗಳು ಅಂದ ತಕ್ಷಣ ಜನ ಅಪ್ಪ ಗಡಿಯಲ್ಲಿ, ಅಮ್ಮ ಮನೆಯಲ್ಲಿ ಎಂದು ತಾವೇ ಲೆಕ್ಕ ಹಾಕಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅದು ತಲೆಕೆಳಗು. ನನ್ನಮ್ಮ ಸೈನ್ಯದ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿ. ಅಪ್ಪ ಅಜ್ಜಂಪುರದಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡವನು. ಅಜ್ಜಂಪುರದಿಂದ ಆಟೋದಲ್ಲಿ ಹೋಗಿಬರುವಷ್ಟು ದೂರದ ಒಂದು ಹಳ್ಳಿಯಲ್ಲಿ ನಾನು ಅಪ್ಪ ಮತ್ತು ಅಪ್ಪನ ಅಮ್ಮನ ಕೈಯಲ್ಲಿ ಬೆಳೆದೆ.

ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಜಡೆ ಹಾಕುತ್ತಿದ್ದವನು ಅಪ್ಪನೇ. ಅವನ ಕೈಯಲ್ಲಿ ಯಾವಾಗಲೂ ವಾರ್ನಿಷ್ ವಾಸನೆ. ಮೋಟಾರಿನ ಕಾಯಿಲ್ ಸುತ್ತುವ ಹಾಗೆ ಒಂದು ಎಳೆಯೂ ಹೊರಗೆ ಬರದಂತೆ ಬಿಗಿದುಬಿಡುತ್ತಿದ್ದ, ಸಂಜೆಯವರೆಗೂ ನನ್ನ ಹುಬ್ಬುಗಳು ಮೇಲಕ್ಕೇ ಎಳೆದುಕೊಂಡಿರುತ್ತಿದ್ದವು. ಟೀಚರು ಒಂದು ಸಲ, ಯಾಕೆ ಯಾವಾಗಲೂ ಬೆರಗಾದವಳ ಹಾಗೆ ನೋಡ್ತೀಯ ಎಂದು ಕೇಳಿದ್ದರು. ಅದು ಜಡೆಯ ತಪ್ಪು ಎಂದು ಹೇಳಲು ನನಗೆ ನಾಚಿಕೆ.

ಅಂಗಡಿಗೆ ಬಂದವರು ಅಪ್ಪನನ್ನು ರೇಗಿಸುವುದು ಇದ್ದೇ ಇತ್ತು. "ಏನಪ್ಪಾ, ಹೆಂಡ್ತಿ ಗನ್ ಹಿಡಿದವ್ಳೆ, ನೀನು ಸೌಟು ಹಿಡಿದಿದೀಯ" ಎನ್ನುವರು. ಅಪ್ಪ ತಲೆ ಎತ್ತದೆ, "ಗನ್ನಲ್ಲ ಕಣೋ, ಸೂಜಿ. ರಜೆ ಮೇಲೆ ಬರ್ಲಿ, ನಿಂಗೂ ಒಂದು ಹಾಕಿಸ್ತೀನಿ" ಎನ್ನುವನು. ಅವನಿಗೆ ಸಿಟ್ಟು ಬರುವುದಿಲ್ಲ. ಅವನ ಪಾಲಿನದೂ ಸೇರಿ ನನಗೇ ಬಂದಿರಬೇಕು, ಮೂಗಿನ ತುದಿಯಲ್ಲೇ ಇರುತ್ತದೆ. ಈಗ ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಪಾಠ ಹೇಳಿ ಅಭ್ಯಾಸ ಮಾಡಲು ಹೋದ ಶಾಲೆಯ ಮಕ್ಕಳೂ ಎರಡನೇ ದಿನಕ್ಕೇ ಅದನ್ನು ಕಂಡುಹಿಡಿದವು.

ಅಮ್ಮ ತರೀಕೆರೆಯವಳು, ಅಜ್ಜಿಯ ಅಣ್ಣನ ಮಗಳು. ಅಜ್ಜಿಗೆ ಸೊಸೆ, ನನಗೆ ಅಮ್ಮ, ಊರಿಗೆ "ಆ ದೂರದಲ್ಲಿರೋಳು". ಪಿಯುಸಿ ಮುಗಿದ ಮೇಲೆ ಯಾರೋ ಹೇಳಿದ್ದನ್ನು ಕೇಳಿ ಪರೀಕ್ಷೆ ಬರೆದು ಮಿಲಿಟರಿಯ ನರ್ಸಿಂಗ್ ಕಾಲೇಜಿಗೆ ಸೇರಿದಳಂತೆ. ಅಪ್ಪನ ಜೊತೆ ಮದುವೆಯ ಮಾತು ಚಿಕ್ಕಂದಿನಿಂದಲೇ ಇತ್ತು. ಅವಳು ಅಧಿಕಾರಿಯಾದ ಮೇಲೆ ಅಪ್ಪನೇ, "ಬೇಡ ಅನ್ಸಿದ್ರೆ ಬೇಡ ಅನ್ನು" ಎಂದನಂತೆ. ಅವಳು, "ಮೋಟಾರ್ ರಿಪೇರಿ ಬರೋ ಗಂಡು ಮಿಲಿಟ್ರೀಲೂ ಸಿಗಲ್ಲ" ಎಂದು ಒಪ್ಪಿಕೊಂಡಳಂತೆ. ನಾನು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಅವಳ ರಜೆ ಮುಗಿದಿತ್ತು. ಆಮೇಲೆ ಅಮ್ಮ ಎಂದರೆ ವರ್ಷಕ್ಕೊಮ್ಮೆ ಬರುವ ಹಸಿರು ಟ್ರಂಕು, ವಾರಕ್ಕೆರಡು ಸಲ ಬರುವ ಫೋನು. ಆ ಫೋನಿನಲ್ಲಿ ಮಾತಿಗಿಂತ "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಎನ್ನುವುದೇ ಹೆಚ್ಚು. ಸಿಗ್ನಲ್ ಸಿಗಲಿ ಎಂದು ನಾನು ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು ಮಗ್ಗಿ ಒಪ್ಪಿಸುತ್ತಿದ್ದೆ.

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಪ್ಪ ಅಂಗಡಿಗೆ ಬೀಗ ಹಾಕಿ ನನ್ನನ್ನು ಅವಳಿದ್ದಲ್ಲಿಗೆ ಕರೆದುಕೊಂಡು ಹೋದ. ಬೀರೂರಿನಲ್ಲಿ ರೈಲು ಹತ್ತಿ, ಮತ್ತೆರಡು ಕಡೆ ಬದಲಾಯಿಸಿ, ಅಜ್ಜಿ ಕಟ್ಟಿಕೊಟ್ಟಿದ್ದ ರೊಟ್ಟಿ ಒಣಗಿ ಹಪ್ಪಳವಾಗುವ ಹೊತ್ತಿಗೆ ಉತ್ತರದ ಬೆಟ್ಟಗಳ ಬುಡದ ಒಂದು ಕಂಟೋನ್ಮೆಂಟಿಗೆ ಹೋಗಿ ಇಳಿದೆವು. ಆಸ್ಪತ್ರೆಯ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದವನು ನಾನು ಅಲ್ಲಿಯವರೆಗೆ ನೋಡಿದ್ದ ಎಲ್ಲರಿಗಿಂತ ಎತ್ತರವಿದ್ದ. ಅಪ್ಪ ಅಮ್ಮನ ಹೆಸರು ಹೇಳಿದ ಕೂಡಲೆ ಅವನು ನಮ್ಮಿಬ್ಬರ ಚೀಲಗಳನ್ನೂ ತಾನೇ ಎತ್ತಿಕೊಂಡ. ಅಪ್ಪ ಗಾಬರಿಯಾಗಿ ಚೀಲ ವಾಪಸ್ಸು ಎಳೆದುಕೊಳ್ಳಲು ನೋಡಿದ.

ಉದ್ದನೆಯ ಕಾರಿಡಾರು. ಅದರ ಆ ತುದಿಯಿಂದ ಒಬ್ಬರು ಬರುತ್ತಿದ್ದರು. ಮಡಿಕೆ ಕೆಡದ ಬಿಳಿ ಉಡುಪು, ಹೆಗಲ ಮೇಲೆ ಪಟ್ಟಿ, ಪಟ್ಟಿಯ ಮೇಲೆ ನಮ್ಮ ನೋಟುಗಳಲ್ಲಿರುವ ಅದೇ ಸಿಂಹ. ಎದುರಿಗೆ ಬಂದವರು ಗೋಡೆಯ ಪಕ್ಕಕ್ಕೆ ಸರಿದು ನೆಟ್ಟಗೆ ನಿಲ್ಲುತ್ತಿದ್ದರು. ಅವರ ಬೂಟಿನ ಸದ್ದು ಒಂದೇ ಸಮ ಕೇಳುತ್ತಿತ್ತು. ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದು ನಾನೂ ಗೋಡೆಗೆ ಒತ್ತಿಕೊಂಡು ನಿಂತೆ. ಅವರು ಹತ್ತಿರ ಬಂದು, ಮುಖ ಸ್ವಲ್ಪವೂ ಸಡಿಲಿಸದೆ, ನನಗೊಬ್ಬಳಿಗೇ ಕಾಣುವ ಹಾಗೆ ಒಂದು ಕಣ್ಣು ಮಿಟುಕಿಸಿದರು. ಆಗ ಗೊತ್ತಾಯಿತು, ಅದು ನಮ್ಮಮ್ಮ. ಊರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದವಳು ಇವಳೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಮರುದಿನ ವಾರ್ಡಿನ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಅವಳು ರೌಂಡಿಗೆ ಹೋದಳು. ಅವಳು ಹೊಸ್ತಿಲು ದಾಟುತ್ತಿದ್ದಂತೆ ಒಳಗೆ ಒಬ್ಬ ಏನೋ ಕೂಗಿದ. ಎದ್ದು ನಿಲ್ಲಬಲ್ಲವರೆಲ್ಲ ಮಂಚದ ಪಕ್ಕ ನಿಂತರು. ನಿಲ್ಲಲಾಗದವರು ಬೆನ್ನು ನೆಟ್ಟಗೆ ಮಾಡಿ ಕೂತರು. ಕೂರಲೂ ಆಗದವರು ಮಲಗಿದಲ್ಲೇ ಎರಡು ಕೈಗಳನ್ನೂ ಮೈಗೆ ಒತ್ತಿಕೊಂಡು, ಹಿಮ್ಮಡಿ ಸೇರಿಸಿ, ಚಾವಣಿ ನೋಡುತ್ತ ಸೆಟೆದುಕೊಂಡರು. ಮಲಗಿಕೊಂಡೇ ಅಟೆನ್ಷನ್. ಅಂಥದ್ದೊಂದು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೊನೆಯ ಮಂಚದವನಿಗೆ ಒಂದೇ ಕಾಲಿತ್ತು. ಅವನು ಆ ಒಂದನ್ನೇ ನೆಟ್ಟಗೆ ಚಾಚಿದ್ದ. ಅಮ್ಮ ಅವನ ಬಳಿಗೆ ಹೋಗಿ ಜಾರಿದ್ದ ಕಂಬಳಿ ಮೇಲಕ್ಕೆಳೆದು ಹಿಂದಿಯಲ್ಲಿ ಏನೋ ಗದರಿದಳು. ಅವನು ನಕ್ಕ. ಮೀಸೆ ಸರಿಯಾಗಿ ಬಂದಿರದ ಹುಡುಗ ಅವನು. ನನಗಾದದ್ದು ಹೆದರಿಕೆಯಲ್ಲ, ಅಳುವೂ ಅಲ್ಲ. ಅವಳು ಮುಟ್ಟಿದರೆ ಜನ ಹೀಗೆ ನಗುತ್ತಾರೆ ಎಂಬ ಬೆರಗು. ಇಷ್ಟು ದಿನ ನನ್ನದಾಗಬೇಕಿದ್ದ ಕೈ ಇವರೆಲ್ಲರ ಕಂಬಳಿ ಎಳೆಯುತ್ತಿತ್ತಲ್ಲ ಎಂಬ ಹೊಟ್ಟೆಕಿಚ್ಚೂ ಅದರ ಜೊತೆಗೇ ಇತ್ತು. ಎರಡೂ ನಿಜ.

ಪಕ್ಕದ ಕ್ವಾರ್ಟರ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳಿದ್ದಳು. ಅವಳ ಹಿಂದಿ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಹಿಂದಿ ಅವಳಿಗೆ ಕಾಲು ಭಾಗ. ಆದರೂ ಸೆಲ್ಯೂಟಿನ ಶಾಸ್ತ್ರವನ್ನೆಲ್ಲ ಅವಳೇ ಕಲಿಸಿದಳು. ಚಿಕ್ಕ ಹುದ್ದೆಯವರು ಮೊದಲು ಮಾಡಬೇಕು. ದೊಡ್ಡವರು ತಿರುಗಿ ಉತ್ತರ ಕೊಡಲೇಬೇಕು. ಕೊಡುವವರೆಗೆ ಚಿಕ್ಕವರು ಕೈ ಇಳಿಸುವಂತಿಲ್ಲ. ಬರಿದಲೆಯಲ್ಲಿ ಸೆಲ್ಯೂಟು ಹೊಡೆಯುವಂತಿಲ್ಲ, ಟೋಪಿ ಇಲ್ಲದಿದ್ದರೆ ನೆಟ್ಟಗೆ ನಿಂತರೆ ಸಾಕು. ನಾವು ಅಂಗಳದಲ್ಲಿ ಅಡುಗೆಯಾಟ ಬಿಟ್ಟು ಇದನ್ನೇ ಆಡುತ್ತಿದ್ದೆವು. ತಲೆಯ ಮೇಲೆ ಪ್ಲಾಸ್ಟಿಕ್ ಬಟ್ಟಲು ಇಟ್ಟುಕೊಂಡು ಅವಳು ಕರ್ನಲ್ ಆಗುವಳು, ನಾನು ಸಿಪಾಯಿ.

ಸಂಜೆ ಬಾವುಟ ಇಳಿಸುವಾಗ ಕಹಳೆ ಊದುತ್ತಾರೆ. ಮೊದಲ ದಿನ ನಾನು ಚೆಂಡಿನ ಹಿಂದೆ ಓಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಇಡೀ ರಸ್ತೆ ನಿಂತಿತು. ಸೈಕಲ್ಲಿನವರು ಇಳಿದರು, ತರಕಾರಿ ಕೊಳ್ಳುತ್ತಿದ್ದವರು ಕೈಯಲ್ಲಿನ ಬದನೆಕಾಯಿಯ ಸಮೇತ ನಿಂತರು. ಅಮ್ಮ ತಂತಿಯ ಬಳಿ ಒಗೆದ ಬಟ್ಟೆ ಹಿಡಿದು ನಿಂತಿದ್ದಳು, ಬಟ್ಟೆಯಿಂದ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳು ಅಲುಗಲಿಲ್ಲ. ನನ್ನ ಚೆಂಡೊಂದೇ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿನಲ್ಲೂ ನಮ್ಮೂರಿನವರು ಇಷ್ಟು ಸುಮ್ಮನೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಊರಿಗೆ ಬಂದು ಇದನ್ನೆಲ್ಲ ಹೇಳಿದರೆ ನಂಬುವವರು ಯಾರು. "ನಿಮ್ಮಮ್ಮ ನರ್ಸು ತಾನೆ, ನರ್ಸಿಗ್ಯಾರು ಸೆಲ್ಯೂಟ್ ಹೊಡೀತಾರೆ" ಎಂದು ಸ್ಕೂಲಿನಲ್ಲಿ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ತಪ್ಪು ಅಮ್ಮನದೂ ಇತ್ತು. ರಜೆಯಲ್ಲಿ ಬಂದಾಗ ಅವಳು ಹುದ್ದೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹಳೇ ಸೀರೆ ಉಟ್ಟು ಒಲೆ ಮುಂದೆ ಕೂತುಬಿಡುವಳು. ಯಾಕಮ್ಮ ಹೇಳಲ್ಲ ಎಂದರೆ, "ಅದನ್ನ ಅಲ್ಲೇ ಬಿಟ್ಟು ಬಂದಿದೀನಿ. ಇಲ್ಲಿ ನಾನು ನಿಮ್ಮಜ್ಜಿ ಸೊಸೆ, ಸಾಕು" ಎನ್ನುವಳು.

ಇಲ್ಲಿ ನಮ್ಮ ಮನೆ ಎಲ್ಲಿತ್ತು ಎಂಬುದನ್ನೂ ಹೇಳಬೇಕು. ನಮ್ಮದು ಊರಿನಿಂದ ಸ್ವಲ್ಪ ಆಚೆಗಿರುವ ಕೇರಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲೇ ಅಜ್ಜಿಯ ಮನೆದೇವರು, ಇಬ್ಬರಿಗೂ ಒಂದೇ ಊದುಬತ್ತಿ. ಬಸ್ಸು, ಆಟೋ ನಿಲ್ಲುವುದು ಊರ ಮುಂದಿನ ಬೀದಿಯಲ್ಲಿ. ಅಪ್ಪ ಬೈಕಿನಲ್ಲಿ, ನಾನು ಸೈಕಲ್ಲಿನಲ್ಲಿ ಆ ಬೀದಿಯಲ್ಲೇ ಓಡಾಡುತ್ತಿದ್ದೆವು, ಯಾರೂ ಏನೂ ಅನ್ನುತ್ತಿರಲಿಲ್ಲ. ಅಜ್ಜಿ ಮಾತ್ರ ಹುಲ್ಲಿನ ಬಣವೆಗಳ ಹಿಂದಿನ ದಾರಿ ಹಿಡಿದು ಸುತ್ತಿಕೊಂಡು ಬರುವಳು. "ಕಾಲಿಗೆ ಆ ದಾರಿ ರೂಢಿ ಕಣೇ" ಎನ್ನುವಳು, ಅಷ್ಟೆ.

ಮುಂದಿನ ಬೀದಿಯ ಎತ್ತರದ ಜಗಲಿಯ ಮನೆ ನಿವೃತ್ತ ಸುಬೇದಾರರದು. ಬಹಳ ಕಾಲ ಸೈನ್ಯದಲ್ಲಿದ್ದು ಬಂದು ತೋಟ ನೋಡಿಕೊಂಡಿದ್ದರು. ಹಣೆಯ ತುಂಬ ವಿಭೂತಿ, ತಿದ್ದಿದ ಮೀಸೆ. ಬೆಳಿಗ್ಗೆ ಸಂಜೆ ಜಗಲಿಯ ಮೇಲೆ ಕೂತಿರುವರು. ಖಾತೆಯ ತಕರಾರು, ಗಡಿಯ ತಕರಾರು ಎಂದು ಜನ ಅವರಲ್ಲಿಗೇ ಬರುವರು. ದರ್ಪದ ಮನುಷ್ಯರಲ್ಲ. ಸ್ಕೂಲಿನ ಬಾವುಟದ ದಿನ ಮಕ್ಕಳಿಗೆಲ್ಲ ತಾವೇ ಬಿಸ್ಕತ್ತು ಹಂಚುತ್ತಿದ್ದರು. ಆದರೆ ಯಾರೇ ಬರಲಿ, ತಹಸೀಲ್ದಾರರ ಕಚೇರಿಯವರೇ ಬಂದರೂ, ಅವರು ಕೂತಲ್ಲಿಂದ ಏಳುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ರಜೆ ಮೇಲೆ ಬಂದಳು. ಆ ಸಲದ ರಜೆ ಬೇರೆ ಥರದ್ದು. ಅವಳ ನೌಕರಿಯ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಯುತ್ತೇನೆ ಎಂದರೆ ಇನ್ನಷ್ಟು ವರ್ಷ ಸಿಗುತ್ತದೆ, ಬೇಡ ಎಂದರೆ ಬಿಟ್ಟು ಬರಬಹುದು. ರಜೆ ಮುಗಿಯುವುದರೊಳಗೆ ಹೇಳಬೇಕು. ಅಜ್ಜಿ ಮೊದಲ ದಿನದಿಂದಲೇ ಶುರು ಮಾಡಿದಳು. "ಹೆತ್ತೋಳು ಒಂದು ಕಡೆ, ಮಗು ಒಂದು ಕಡೆ. ಇದ್ಯಾವ ಸಂಸಾರ ಕಣವ್ವ. ನಂಗೂ ಮಂಡಿ ಹಿಡ್ಕಂಡೈತೆ. ನಾಳೆ ಈ ಮಗು ದೊಡ್ಡದಾಯ್ತದೆ, ಆಗ ನಾನೇನ್ ಮಾಡ್ಲಿ, ನಿನ್ ಗಂಡ ಏನ್ ಮಾಡಾನು." ಅಪ್ಪನನ್ನು ಕೇಳಿದರೆ, "ನಿಂಗೆ ಹೆಂಗನ್ಸುತ್ತೋ ಹಂಗೆ" ಎಂದು ತಂತಿಯ ಉಂಡೆಯೊಳಗೆ ತಲೆ ಹುದುಗಿಸಿಕೊಂಡ.

ನನಗೆ ಅನಿಸಿದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಅವಳು ಬಂದುಬಿಡಬೇಕು. ಜಡೆ ಅವಳೇ ಹಾಕಬೇಕು. ಜ್ವರ ಬಂದಾಗ ಫೋನಿನಲ್ಲಿ ಮಾತ್ರೆಯ ಹೆಸರು ಹೇಳುವುದಲ್ಲ, ಹಣೆ ಮುಟ್ಟಬೇಕು. ಅವಳ ಮಂಚ ಯಾವ ಗೋಡೆಗೆ ಎಂದು ಕೂಡ ನಾನು ನಿರ್ಧರಿಸಿ ಆಗಿತ್ತು. ಒಂದು ಮಧ್ಯಾಹ್ನ ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ಆಯ್ತು ಅತ್ತೆ, ಬಿಟ್ಟು ಬತ್ತೀನಿ" ಎಂದಳು. ತರೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಕೇಳಿಯೂ ಬಂದಳು. ನಾನು ಎಣ್ಣೆತಲೆಯಲ್ಲೇ ಕೇರಿಯ ಉದ್ದಕ್ಕೂ ಓಡಿ ಎಲ್ಲರಿಗೂ ಹೇಳಿದೆ.

ಆ ವಾರದ ಸಂತೆಗೆ ಅಜ್ಜಿ, ಅಮ್ಮ, ನಾನು ಮೂವರೂ ಅಜ್ಜಂಪುರಕ್ಕೆ ಹೋದೆವು. ಇನ್ನು ಮನೆಯಲ್ಲಿ ನಾಲ್ಕು ಜನ ಎಂದು ಅಜ್ಜಿ ದೊಡ್ಡ ಕುಕ್ಕರು ಕೊಂಡಳು. ಅಂಗಡಿಯವನು ಕಟ್ಟಿಕೊಡುತ್ತೇನೆಂದರೂ ಬಿಡದೆ ಡಬ್ಬಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದಳು. ವಾಪಸ್ಸು ಬಂದು ಇಳಿದಾಗ ನೋಡಿದರೆ ಬಣವೆಗಳ ಹಿಂದಿನ ದಾರಿಯನ್ನು ನಲ್ಲಿ ಪೈಪಿಗೆಂದು ಅಗೆದು ಹಾಕಿದ್ದರು. ಮೊಣಕಾಲುದ್ದದ ಗುಂಡಿ. ಮುಂದಿನ ಬೀದಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಜ್ಜಿ ಬೀದಿಯ ತುದಿಯಲ್ಲಿ ನಿಂತು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ಅಮ್ಮ, "ಹಾಕ್ಕಳಿ ಅತ್ತೆ, ಬಿಸಿಲು" ಎಂದಳು. ಅಜ್ಜಿ ಬರಿಗಾಲಲ್ಲೇ ನಡೆದಳು.

ಸುಬೇದಾರರು ಜಗಲಿಯ ಮೇಲೆ ಬನಿಯನ್, ಪಂಚೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ನಮ್ಮನ್ನು ಕಂಡು ಮಾತಾಡಿಸಿದರು. "ಏನಮ್ಮ, ಸೊಸೆ ಬಂದಂಗೈತೆ. ಎಷ್ಟು ದಿನ ರಜೆ?"

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಇನ್ ಜಾಸ್ತಿ ದಿನ ಅಲ್ಲಿರಲ್ಲ ಬುದ್ಧಿ. ಕೆಲ್ಸ ಬಿಟ್ ಬತ್ತಾವ್ಳೆ" ಎಂದಳು.

"ಒಳ್ಳೇದಾಯ್ತು ಬಿಡು. ಆಸ್ಪತ್ರೇಲಿ ಕಸ ಬಳ್ಕಂಡು, ರೋಗಿಗಳ ಬಟ್ಟೆ ಒಕ್ಕಂಡು ಅಷ್ಟು ದೂರ ಯಾಕಿರ್ಬೇಕು. ಇಲ್ಲೇ ಎಲ್ಲಾದ್ರೂ ಒಂದು ಆಯಾ ಕೆಲ್ಸ ಸಿಗುತ್ತೆ. ಬೇಕಾದ್ರೆ ನಾನೂ ಹೇಳ್ತೀನಿ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಉರಿಯಿತು. ಅಮ್ಮ ಮುಗುಳ್ನಕ್ಕು ತಲೆ ತಗ್ಗಿಸಿ ಮುಂದೆ ನಡೆದಳು. ನಾನು ನಡೆಯಲಿಲ್ಲ.

"ಸಾಬ್" ಎಂದೆ. ಕಂಟೋನ್ಮೆಂಟಿನಲ್ಲಿ ಸುಬೇದಾರರನ್ನು ಹಾಗೆಯೇ ಕರೆಯುತ್ತಿದ್ದರು. "ನೀವು ನಮ್ಮಮ್ಮಂಗೆ ಸೆಲ್ಯೂಟ್ ಮಾಡ್ಲಿಲ್ಲ."

ಬೇರೆ ಯಾವ ಮನೆಯ ಮಗುವೂ ಆ ಬೀದಿಯಲ್ಲಿ ನಿಂತು ಆ ಮಾತು ಆಡುತ್ತಿರಲಿಲ್ಲ. ನನಗೋ ಆ ಹೊತ್ತಿಗೆ ಅದು ಬೀದಿಯ ವಿಷಯವೇ ಅಲ್ಲ, ಶಾಸ್ತ್ರದ ವಿಷಯ. ಮಾಡಬೇಕಾದದ್ದನ್ನು ಮಾಡಿಲ್ಲ, ಅಷ್ಟೆ. ಅಜ್ಜಿ ಕುಕ್ಕರಿನ ಡಬ್ಬಿಯನ್ನು ನೆಲಕ್ಕಿಟ್ಟು ಬಂದು ನನ್ನ ಬಾಯಿ ಮುಚ್ಚಿದಳು. "ಮಗು ಗೊತ್ತಾಗ್ದೆ ಏನೋ ಅಂತೈತೆ ಬುದ್ಧಿ. ಹೊಟ್ಟೆಗಾಕ್ಕಳಿ."

ನಾನು ಕೈ ಬಿಡಿಸಿಕೊಂಡೆ. "ಗೊತ್ತಿದ್ದೇ ಹೇಳ್ತಿದೀನಿ. ಅಮ್ಮ ಮೇಜರ್. ಮೇಜರ್ ದೊಡ್ಡೋರು, ಸುಬೇದಾರ್ ಚಿಕ್ಕೋರು. ಚಿಕ್ಕೋರು ಮೊದ್ಲು ಮಾಡ್ಬೇಕು."

ಸುಬೇದಾರರು ಮಜ್ಜಿಗೆಯ ಲೋಟ ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು, ಯಾವ ಆಸ್ಪತ್ರೆ, ಎಷ್ಟು ವರ್ಷದ ಸರ್ವಿಸು, ಏನು ರ‍್ಯಾಂಕು. ಅವರ ದನಿ ಬದಲಾಗಿತ್ತು. ಅಮ್ಮ ಒಂದೊಂದಕ್ಕೂ ಹಿಂದಿಯಲ್ಲೇ ಚುಟುಕಾಗಿ ಉತ್ತರ ಕೊಟ್ಟಳು. ಒಂದೊಂದು ಉತ್ತರಕ್ಕೂ ಅವಳ ಬೆನ್ನು ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತ ಬಂತು. ಕೊನೆಯ ಉತ್ತರದ ಹೊತ್ತಿಗೆ ಆ ಧೂಳಿನ ಬೀದಿಯಲ್ಲಿ ವಾಯಿಲ್ ಸೀರೆ ಉಟ್ಟು ಈರುಳ್ಳಿ ಚೀಲ ಹಿಡಿದು ನಿಂತಿದ್ದವಳು ಅಜ್ಜಿಯ ಸೊಸೆಯಾಗಿ ಉಳಿದಿರಲಿಲ್ಲ.

ಸುಬೇದಾರರು ಎದ್ದು ಒಳಗೆ ಹೋದರು.

ಅಜ್ಜಿಯ ಕಾಲದಲ್ಲಿ ಆ ಮನೆಯವರು ಮಾತು ನಿಲ್ಲಿಸಿ ಒಳಗೆ ಹೋದರೆ ಹೊರಗೆ ಬರುವಾಗ ಕೈಯಲ್ಲಿ ಏನಿರುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. "ನಡೀರವ್ವ, ನಡೀರಿ" ಎಂದು ನನ್ನನ್ನು ಎಳೆದಳು. ಅಮ್ಮ ಮಾತ್ರ ಕದಲಲಿಲ್ಲ. "ಸ್ವಲ್ಪ ಇರಿ ಅತ್ತೆ" ಎಂದಳು. ಎದುರು ಮನೆಯ ಹೆಂಗಸು ಹೊಸ್ತಿಲಿಗೆ ಬಂದಳು. ಪೈಪಿನ ಕೆಲಸದವರು ಗುದ್ದಲಿ ಬಿಟ್ಟು ಬೀದಿಯ ತುದಿಗೆ ಬಂದು ನೋಡತೊಡಗಿದರು. ಯಾರೋ, "ಏನಂತೆ" ಎಂದು ಕೇಳಿದರು. ಈಗ ನನಗೂ ಹೆದರಿಕೆ ಹತ್ತಿತು. ಅಜ್ಜಿಯ ಸೆರಗು ಹಿಡಿದುಕೊಂಡೆ.

ಅವರು ಹೊರಗೆ ಬಂದರು. ಬನಿಯನ್ನಿನ ಮೇಲೆ ಬಿಳಿ ಅಂಗಿ ಹಾಕಿ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದರು. ಕಾಲಿಗೆ ಬೂಟು. ತಲೆಯ ಮೇಲೆ ಒಂದು ಕಡೆಗೆ ವಾಲಿದ ಮಿಲಿಟರಿಯ ಕಪ್ಪು ಟೋಪಿ, ಅದರಲ್ಲಿ ಉಜ್ಜಿದ ಬಿಲ್ಲೆ. ಕೆಳಗೆ ಅದೇ ಪಂಚೆ. ಯಾರೂ ನಗಲಿಲ್ಲ. ಆಗ ನನಗೆ ಹೊಳೆಯಿತು, ಬರಿದಲೆಯಲ್ಲಿ ಸೆಲ್ಯೂಟು ಹೊಡೆಯುವಂತಿಲ್ಲ. ಅವರು ಒಳಗೆ ಹೋದದ್ದು ಟೋಪಿಗೆ.

ಮೆಟ್ಟಿಲ ಮೇಲೆ ನಿಂತೇ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಂಡಿ ನೋವಿನ ಕಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಬಂದರು, ಧೂಳಿನಲ್ಲಿ ಕಾಲೂರಿ ಅಮ್ಮನ ಎದುರಿಗೆ ನಿಂತರು. ಹಿಮ್ಮಡಿ ಕೂಡಿದ ಸದ್ದು ಕೇಳಿಸಿತು. ಬಲಗೈ ಮೇಲೆ ಹೋಗಿ ಹಣೆಯ ವಿಭೂತಿಯ ಪಕ್ಕದಲ್ಲಿ ನಿಂತಿತು. "ಜೈ ಹಿಂದ್, ಮೇಡಂ."

ಕಂಟೋನ್ಮೆಂಟಿನಲ್ಲಿ ದಿನಕ್ಕೆಷ್ಟೋ ಸೆಲ್ಯೂಟು ನೋಡಿದ್ದೆ, ಅಲ್ಲಿ ಅದು ಗಾಳಿಯಷ್ಟು ಸಹಜ. ಇಲ್ಲಿ ನಮ್ಮ ಬೀದಿಯಲ್ಲಿ ಆ ಒಂದು ಕೈ ಮೇಲೆ ಹೋದದ್ದಕ್ಕೆ ಊರೇ ಉಸಿರು ಹಿಡಿದಿತ್ತು. ವಯಸ್ಸಾದ ಕೈ, ಆದರೂ ಇಳಿಯಲಿಲ್ಲ. ಅಜ್ಜಿ ನನ್ನ ಕಿವಿಯಲ್ಲಿ, "ಯಾಕೆ ಹಂಗೇ ನಿಂತವ್ರೆ" ಎಂದು ಪಿಸುಗುಟ್ಟಿದಳು. "ಅಮ್ಮ ಉತ್ರ ಕೊಡೋಗಂಟ ಇಳಿಸಂಗಿಲ್ಲ ಅಜ್ಜಿ" ಎಂದೆ. ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಅಮ್ಮ ಈರುಳ್ಳಿ ಚೀಲ ಕೆಳಗಿಟ್ಟಳು. ಅವಳ ತಲೆಯ ಮೇಲೆ ಟೋಪಿ ಇರಲಿಲ್ಲವಲ್ಲ, ಕೈ ಎತ್ತುವಂತಿರಲಿಲ್ಲ. ಮುಷ್ಟಿಗಳನ್ನು ಸೀರೆಯ ನೆರಿಗೆಗೆ ಒತ್ತಿಕೊಂಡು, ಗದ್ದ ಎತ್ತಿ, ನೆಟ್ಟಗೆ ನಿಂತು, "ಜೈ ಹಿಂದ್, ಸಾಬ್" ಎಂದಳು. ಅವರ ಕೈ ಇಳಿಯಿತು. "ಗೊತ್ತಿರ್ಲಿಲ್ಲ ಮೇಡಂ" ಎಂದು ಕನ್ನಡದಲ್ಲಿ, ಇಷ್ಟು ಸಣ್ಣ ದನಿಯಲ್ಲಿ ಹೇಳಿದರು. ನಾವು ಬೀದಿ ದಾಟುವವರೆಗೂ ಅವರು ಅದೇ ಬಿಸಿಲಲ್ಲಿ ನಿಂತೇ ಇದ್ದರು.

ಅವರ ಮನಸ್ಸಿನಲ್ಲಿ ಆಗ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಅಷ್ಟು ವರ್ಷದ ಜಗಲಿ ಒಂದು ಕಡೆ, ಅಷ್ಟು ವರ್ಷದ ಪರೇಡು ಒಂದು ಕಡೆ ಎಳೆದಿರಬೇಕು. ಅವರು ಯಾವ ಕಡೆಗೆ ಬಂದರು ಎಂಬುದನ್ನು ನಾನು ಕಣ್ಣಾರೆ ಕಂಡೆ. ಆ ಮನುಷ್ಯರ ಬಗ್ಗೆ ನನಗೆ ಆಮೇಲೆ ಬಂದ ಸಿಟ್ಟುಗಳೆಲ್ಲ ಆ ಹೊತ್ತಿನ ಬೆರಗನ್ನು ಅಳಿಸಿಲ್ಲ.

ಮನೆಗೆ ಬಂದು ನಾನು ಕುಣಿದಾಡಿದೆ. ಅಪ್ಪ ಅಂಗಡಿಯಿಂದ ಬಂದವನು ನನ್ನಿಂದ ಕಥೆಯನ್ನು ಎರಡೆರಡು ಸಲ ಹೇಳಿಸಿ, ಟೋಪಿಯ ಜಾಗ ಬಂದಾಗಲೆಲ್ಲ, "ಪಂಚೆ ಮೇಲಾ, ಪಂಚೆ ಮೇಲೇ ಬೂಟಾ" ಎಂದು ಕೇಳಿ ನಗುತ್ತಿದ್ದ. ನಗುತ್ತಲೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಅಜ್ಜಿ ಮಾತ್ರ ಒಲೆಯ ಉರಿ ಕೆದಕುತ್ತ ಕೂತಿದ್ದಳು. ಕುಕ್ಕರಿನ ಡಬ್ಬಿಯನ್ನು ಇನ್ನೂ ಬಿಚ್ಚಿರಲಿಲ್ಲ. ಊಟಕ್ಕೆ ಕೂತಾಗ ಅವಳು ಅಮ್ಮನ ತಟ್ಟೆಗೆ ಮುದ್ದೆ ಇಡುತ್ತ, "ನೀನು ಕೆಲ್ಸ ಬಿಡ್ಬೇಡ ಕಣವ್ವ" ಎಂದಳು.

ಅಮ್ಮ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದಳು. "ನೀವೇ ಅಲ್ವಾ ಅತ್ತೆ ಬಾ ಬಾ ಅಂದಿದ್ದು. ನಾನು ಮನಸ್ಸು ಮಾಡಾಯ್ತು. ಯಾರೋ ಒಂದು ಸೆಲ್ಯೂಟ್ ಹೊಡೆದ್ರು ಅಂತ ಮಗೀನ ಬಿಟ್ಟು ಹೋಗ್ಲಾ?"

"ನನ್ ಜೀವಮಾನದಾಗೆ ಆ ಜಗಲಿಯಿಂದ ನಮ್ಮೋರಿಗೆ ಅಂತ ಯಾರೂ ಇಳಿದಿದ್ದು ನಾನು ಕಂಡಿರ್ಲಿಲ್ಲ" ಎಂದಳು ಅಜ್ಜಿ. "ಇವತ್ತು ಕಂಡೆ. ಇನ್ನೊಂದೂ ಕಂಡೆ. ಜಗಲಿ ಹತ್ತಿ ಬನ್ನಿ ಅಂತ ಅವ್ರು ಅನ್ಲಿಲ್ಲ. ಅಂಥಾ ಬಿಸಿಲಾಗೆ ನಿಂತಿದ್ವಿ, ಒಂದ್ ಲೋಟ ನೀರು ಬೇಕಾ ಅನ್ಲಿಲ್ಲ. ಅವ್ರು ಇಳಿದಿದ್ದು ನನ್ ಸೊಸೆಗಲ್ಲ ಕಣವ್ವ, ನಿನ್ ಕೆಲ್ಸಕ್ಕೆ. ನೀನು ಬಿಟ್ಟು ಬಂದ್ರೆ ನಾಳೆ ಮತ್ತೆ ಹತ್ತಿ ಕೂತ್ಕತಾರೆ."

ಅಪ್ಪ ನಗು ನಿಲ್ಲಿಸಿದ. ಅಜ್ಜಿ ಮುಂದುವರಿಸಿದಳು, "ನನ್ ಮಂಡಿ ಏನೂ ಆಗಲ್ಲ. ಈ ಮಗೀನ ಇಷ್ಟು ದಿನ ನೋಡ್ಕಂಡೋಳು ನಾನೇ, ಇನ್ನೂ ನೋಡ್ಕತೀನಿ."

ನನಗೆ ಆಗ ಅರ್ಥವಾಯಿತು. ಮಧ್ಯಾಹ್ನದಿಂದ ನಾನು ಯಾವುದಕ್ಕೆ ಕುಣಿಯುತ್ತಿದ್ದೆನೋ ಅದೇ ನನ್ನಮ್ಮನನ್ನು ನನ್ನಿಂದ ಕಿತ್ತುಕೊಳ್ಳುತ್ತಿತ್ತು. ಬಾಯಿ ಬಿಟ್ಟವಳು ನಾನೇ. ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಕುಕ್ಕರಿನ ಡಬ್ಬಿಯನ್ನು ಎತ್ತಿ ಹೊರಗೆ ಎಸೆಯಬೇಕೆನಿಸಿತು. ಎಲ್ಲ ಒಪ್ಪಿಯಾಗಿತ್ತಲ್ಲ. ಮಂಚದ ಗೋಡೆ ಕೂಡ ಗೊತ್ತುಮಾಡಿ ಆಗಿತ್ತಲ್ಲ.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಕಡೆ ತೋರಿಸಿ, "ಅವಳ್ನ ಕೇಳು. ಇವತ್ತು ಅವಳ ಆರ್ಡರೇ ನಡೀತಿರೋದು" ಎಂದ. ತಮಾಷೆಗೆಂದು ಶುರು ಮಾಡಿದ ಮಾತು, ಮುಗಿಯುವಾಗ ಅವನ ದನಿ ಸರಿ ಇರಲಿಲ್ಲ.

"ಹೇಳೇ" ಎಂದಳು ಅಮ್ಮ. "ನೀನು ಇರು ಅಂದ್ರೆ ಇದ್ದುಬಿಡ್ತೀನಿ. ಯಾರ ಮಾತೂ ಕೇಳಲ್ಲ."

ಇರು ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಅಷ್ಟು ಹೊತ್ತೂ ನಾನು ಅವಳನ್ನೇ ನೋಡುತ್ತಿದ್ದೆ. ಮುದ್ದೆಯ ತಟ್ಟೆಯ ಮುಂದೆ ಬೆನ್ನು ಬಾಗಿಸಿ ಕೂತಿದ್ದಳು. ಅದೇ ಬೆನ್ನು ಮಧ್ಯಾಹ್ನ ಬೀದಿಯಲ್ಲಿ ನೆಟ್ಟಗಾದದ್ದನ್ನು ನೋಡದೇ ಇದ್ದಿದ್ದರೆ ನಾನು ಸುಲಭವಾಗಿ ಹೇಳಿಬಿಡುತ್ತಿದ್ದೆ. ನೋಡಿಬಿಟ್ಟಿದ್ದೆ. ಅಷ್ಟು ದೊಡ್ಡವಳನ್ನು ನನ್ನ ಜಡೆಗೆ ಕಟ್ಟಿಹಾಕಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

"ಹೋಗು" ಎಂದೆ. "ಆದ್ರೆ ಈ ಸಲ ನಾನು ಸ್ಟೇಷನ್ನಿಗೆ ಬರಲ್ಲ."

ಅಮ್ಮ ಎಡಗೈಯಲ್ಲಿ ನನ್ನನ್ನು ಎಳೆದುಕೊಂಡು ತಲೆಗೆ ಮುಖ ಒತ್ತಿದಳು. "ಬರ್ಬೇಡ ಕಣೇ" ಎಂದಳು. "ನೀನು ಬಂದು ನಿಂತ್ರೆ ನಾನು ರೈಲು ಹತ್ತಲ್ಲ."